ಏರಿಯಿಲ್ಲದ ಕೆರೆ

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿಯಂತಹ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಕೆರೆಯೆಂಬುದು ನಿಸರ್ಗದತ್ತವಾದ ವಸ್ತುವಲ್ಲ. ಅದು ಮನುಷ್ಯನು ಮೈಮುರಿದು ದುಡಿದು ಮಾಡಿಕೊಂಡ ಆಸ್ತಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ನಾಲ್ಕು ದಿಕ್ಕಿಗೂ ಕಣ್ಣು ಸೋಲುವವರೆಗೆ ಸಮತಲವಾಗಿ ಹಾಸಿ ಬಿದ್ದಿರುವ ಎರೆಯ ನೆಲದಲ್ಲಿ, ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ, ಮೆಣಸಿನಕಾಯಿಗಳನ್ನೂ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿಗಳನ್ನೂ ಬೆಳೆದುಕೊಂಡು, ಬಾವಿ ತೋಡಿದರೆ ಬಹಳ ಕಡೆ ಸವುಳು ನೀರೇ ಬರುವುದೆಂಬುದನ್ನು ತಲೆಮಾರುಗಳಿಂದ ಕಂಡುಂಡ ಈ ಸೀಮೆಯ ಜನರು, ಬಿದ್ದ ಮಳೆಯನ್ನು ತಗ್ಗಿನಲ್ಲಿ ತಡೆದು, ಏರಿ ಹಾಕಿ, ತೂಬು ಇಟ್ಟು, ಕೋಡಿ ಕಟ್ಟಿ, ಆ ನೀರನ್ನೇ ವರುಷವಿಡೀ ಕುಡಿದು ಬದುಕಿದರು. ಕುಡಿಯುವ ನೀರಿನ ಕೆರೆಗೆ ಅದರದೇ ಆದ ಕಟ್ಟಳೆಗಳಿದ್ದುವು. ಏರಿ ಹತ್ತುವ ಮುನ್ನ ಕೆರವು ಬಿಡಬೇಕು, ಎತ್ತು ಎಮ್ಮೆಗಳನ್ನು ಮೈತೊಳೆಯಲು ಇಳಿಸಕೂಡದು, ಅರಿವೆ ಒಗೆಯಕೂಡದು, ಮುಖ ತೊಳೆದ ನೀರು ತಿರುಗಿ ಕೆರೆಗೆ ಬೀಳಕೂಡದು. ಇವು ಯಾವ ಸರಕಾರವೂ ಬರೆದಿಟ್ಟ ಕಾನೂನುಗಳಲ್ಲ. ಆದರೂ ಮೀರಿದವನನ್ನು ಕೊಡ ಹೊತ್ತು ಬಂದ ಹೆಂಗಸರು ಸುಮ್ಮನೆ ಬಿಡುತ್ತಿರಲಿಲ್ಲ.

ಇಂತಹ ಬಯಲಿನವನಿಗೆ, ಬೆಟ್ಟದ ಬೆನ್ನೇಣಿನ ಮೇಲೆ, ಕಾಡಿನ ನಡುವೆ, ಯಾರ ಕೈಯೂ ತಾಕದೆ ತಾನಾಗಿ ನಿಂತ ಕೆರೆಯೊಂದು ಉಂಟೆಂದು ಹೇಳಿದರೆ ಮೊದಲು ನಂಬುಗೆ ಬಾರದು. ನಂಬುಗೆ ಬಂದ ಮೇಲೆ ನೋಡದೆ ಇರಲಾಗದು. ಕರ್ನಾಟಕದಲ್ಲಿ ಆ ಬಗೆಯ ಕೆರೆಗಳು ತೀರ ವಿರಳ. ಅವುಗಳಲ್ಲಿ, ಕಾಲ್ನಡಿಗೆಯ ಶ್ರಮವನ್ನು ಬೇಡುವ, ಆ ಶ್ರಮಕ್ಕೆ ಯೋಗ್ಯವೂ ಆದ ಒಂದು, ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತಶ್ರೇಣಿಯಲ್ಲಿ, ಬಾಬಾಬುಡನ್‌ಗಿರಿಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಸಾಗುವ ಕಾಲುದಾರಿಯಲ್ಲಿರುವ ಗಾಳಿಕೆರೆ.

ವಿರಳವೆಂದೆನಷ್ಟೆ, ಅದಕ್ಕೆ ಕಾರಣವುಂಟು. ಪರ್ವತಸರೋವರವೆಂದೊಡನೆ ನಮ್ಮ ಮನಸ್ಸು ಹಿಮಾಲಯಕ್ಕೆ ಹಾರುತ್ತದೆ. ಅಲ್ಲಿ ಎತ್ತರದ ಕಣಿವೆಗಳಲ್ಲಿ ಸಹಸ್ರಾರು ವರ್ಷಗಳ ಪರ್ಯಂತ ಮೆಲ್ಲಮೆಲ್ಲನೆ ಸರಿದ ಹಿಮನದಿಗಳು ಬಂಡೆಯನ್ನು ತೋಡಿ ಕುಳಿಗಳನ್ನು ಮಾಡಿದುವು. ತಾವು ಹೊತ್ತು ತಂದ ಕಲ್ಲುಮಣ್ಣುಗಳನ್ನು ಆ ಕುಳಿಗಳ ಬಾಯಿಗೆ ಒಡ್ಡಿನಂತೆ ಒಟ್ಟಿದುವು. ಹಿಮವು ಹಿಂಜರಿದ ಮೇಲೆ ಅಲ್ಲಿ ನೀರು ನಿಂತಿತು. 1942ರಲ್ಲಿ ಮನುಷ್ಯರ ಅಸ್ಥಿಗಳು ಕಾಣಿಸಿಕೊಂಡು ಲೋಕಪ್ರಸಿದ್ಧವಾದ ರೂಪಕುಂಡವೂ ಆ ವರ್ಗಕ್ಕೆ ಸೇರಿದ್ದು. ನಮ್ಮ ಸಹ್ಯಾದ್ರಿಯ ಮೇಲಾದರೋ ಹಿಮನದಿಗಳು ಹರಿಯಲಿಲ್ಲ. ಇಲ್ಲಿ ಬೆಟ್ಟಗಳನ್ನು ಕಡೆದುದು ಮಳೆ. ಮಳೆಯ ಸ್ವಭಾವವು ತಗ್ಗು ತೋಡಿ ನಿಲ್ಲುವುದಲ್ಲ, ಇಳಿಜಾರನ್ನು ಸೀಳಿಕೊಂಡು ಓಡುವುದು. ಆದುದರಿಂದಲೇ ಮಲೆನಾಡಿನಲ್ಲಿ ಜಲಪಾತಗಳಿಗೆ ಬರವಿಲ್ಲ, ಸರೋವರಗಳಿಗೆ ಬರ. ಎಲ್ಲಿಯೋ ಒಂದೆಡೆ ಬೆನ್ನೇಣು ಅಗಲವಾಗಿ, ಎರಡು ದಿಣ್ಣೆಗಳ ನಡುವೆ ನೆಲ ಕುಸಿದಂತೆ ತಗ್ಗಾಗಿ, ಸುತ್ತಲ ಹುಲ್ಲುಗಾವಲೂ ಕಾಡೂ ಒಸರುವ ನೀರು ಅಲ್ಲಿ ಬಂದು ಸೇರಿದರೆ ಮಾತ್ರ ಇಂತಹದೊಂದು ಕೆರೆ ಬಾಳುತ್ತದೆ.

ಧಾರವಾಡ ಜಿಲ್ಲೆಯವರಿಗೆ ಈ ಬೆಟ್ಟಗಳೊಡನೆ ಒಂದು ನಂಟುಂಟು. ಅದನ್ನು ನಮ್ಮಲ್ಲಿ ಅರಿತವರು ಕಡಿಮೆ. 1880ರ ದಶಕದಲ್ಲಿ ದಕ್ಷಿಣ ಭಾರತದ ಶಿಲೆಗಳನ್ನು ಪರಿಶೀಲಿಸುತ್ತಿದ್ದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಎಂಬವರು, ಇಲ್ಲಿಯ ಅತಿ ಪ್ರಾಚೀನವಾದ ಒಂದು ಶಿಲಾಸಮುದಾಯಕ್ಕೆ ನಮ್ಮ ಜಿಲ್ಲೆಯ ಹೆಸರನ್ನೇ ಕೊಟ್ಟರು. ಚಂದ್ರದ್ರೋಣದ ಕಬ್ಬಿಣ ಬೆರೆತ ಪಟ್ಟೆಪಟ್ಟೆಯ ಕಲ್ಲುಗಳು ಆ ಧಾರವಾಡ ಶಿಲಾವರ್ಗಕ್ಕೆ ಸೇರಿದುವು. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಗದುಗಿನ ಕಪ್ಪತಗುಡ್ಡವೂ ಇದೇ ಕುಲದ್ದು. ಎರೆಮಣ್ಣಿನಲ್ಲಿ ಗೋಲಿಯಷ್ಟು ಕಲ್ಲು ಸಿಕ್ಕರೂ ಅಚ್ಚರಿಪಡುವ ನಾವು, ದೂರ ಪ್ರಯಾಣಮಾಡಿ, ನಮ್ಮ ಊರಸೀಮೆಯ ಹೆಸರು ಹೊತ್ತ ಪರ್ವತವನ್ನು ಹತ್ತುವುದು ಒಂದು ವಿನೋದವೇ ಸರಿ.

ಪ್ರಯಾಣವೇನೂ ಕಠಿನವಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಹಾದಿ ಕುಂದಗೋಳ, ಸಂಶಿ, ಗುಡಗೇರಿಗಳ ಮೇಲೆಯೇ ಸಾಗಿ ಹಾವೇರಿ, ಹರಿಹರ, ದಾವಣಗೆರೆ, ಬೀರೂರುಗಳನ್ನು ದಾಟಿ ಕಡೂರಿಗೆ ಮುಟ್ಟುತ್ತದೆ. ಅಲ್ಲಿಂದ ಚಿಕ್ಕಮಗಳೂರಿಗೆ ಬಸ್ಸುಗಳು ಲೆಕ್ಕವಿಲ್ಲದಷ್ಟು. 2013ರಿಂದ ರೈಲೂ ಉಂಟು. ಚಿಕ್ಕಮಗಳೂರಿನಿಂದ ಹೊರಟ ದಾರಿ ಕೈಮರವೆಂಬ ಊರನ್ನು ಬಿಟ್ಟ ಕೂಡಲೇ ಮೇಲೇರಲಾರಂಭಿಸಿ, ಕಾಫಿತೋಟಗಳ ನೆರಳಿನಲ್ಲಿ ತಿರುತಿರುಗಿ, ಸೀತಾಳಯ್ಯನಗಿರಿಯ ತಿರುವನ್ನೂ, ರಾಜ್ಯದಲ್ಲಿಯೇ ಅತ್ಯುನ್ನತವಾದ 1,930 ಮೀಟರಿನ ಮುಳ್ಳಯ್ಯನಗಿರಿಯನ್ನೂ ಒಂದು ಪಾರ್ಶ್ವದಲ್ಲಿ ಬಿಟ್ಟು, ಅತ್ತಿಗುಂಡಿಯೆಂಬ ಹಳ್ಳಿಯ ಮೂಲಕ 1,895 ಮೀಟರಿನ ಬಾಬಾಬುಡನ್‌ಗಿರಿಯನ್ನು ತಲುಪುತ್ತದೆ. ಇಲ್ಲಿಯ ಗುಹೆಯಲ್ಲಿ ದತ್ತಾತ್ರೇಯರನ್ನು ಅರಸಿ ಬರುವವರೂ ಸೂಫಿ ಸಂತ ಬಾಬಾಬುಡನ್ನರನ್ನು ಅರಸಿ ಬರುವವರೂ ಬಹುಕಾಲದಿಂದ ಒಂದೇ ಹೊಸ್ತಿಲಿಗೆ ತಲೆಬಾಗಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ನರು ಯೆಮೆನ್ ದೇಶದಿಂದ ಏಳು ಕಾಫಿಬೀಜಗಳನ್ನು ಗುಟ್ಟಾಗಿ ತಂದು ಇಲ್ಲಿ ಬಿತ್ತಿದರೆಂಬುದು ಐತಿಹ್ಯ. ಕೆಳಗಿನ ಇಳಿಜಾರುಗಳನ್ನೆಲ್ಲ ಇಂದು ಆವರಿಸಿರುವುದು ಆ ಬೆಳೆಯೇ. ಚಹವಿಲ್ಲದೆ ಬೆಳಗಾಗದ ನಮ್ಮ ಸೀಮೆಯವರು ಅಲ್ಲಿ ಒಂದು ಲೋಟ ಕಾಫಿ ಕುಡಿದು ಮುಂದುವರಿಯುವುದು ಸ್ಥಳಗೌರವ.

ಗಿರಿಯ ಗದ್ದಲವನ್ನು ಬಿಟ್ಟು ಕಾಲುದಾರಿ ಹಿಡಿದ ಸ್ವಲ್ಪ ಹೊತ್ತಿಗೆಲ್ಲ ಮನುಷ್ಯರ ಧ್ವನಿ ಅಡಗುತ್ತದೆ. ನನ್ನೊಡನೆ ಬಂದವರು ನಮ್ಮೂರ ಹಿರಿಯ ರೈತರು. ನಾನು ಅವರನ್ನು ಕಾಕಾ ಎಂದು ಕರೆಯುವುದು ವಾಡಿಕೆ. ಅವರ ಹೆಗಲ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬೆಳ್ಳುಳ್ಳಿ ಖಾರ ಇದ್ದುವು. ಬೆಟ್ಟದ ಮೇಲಿನ ಅಂಗಡಿಗಳ ಮೇಲೆ ಅವರಿಗೆ ನಂಬುಗೆಯಿರಲಿಲ್ಲ. ದಾರಿ ತೋರಿಸಲು ಅತ್ತಿಗುಂಡಿಯ ಕಡೆಯ ಯುವಕನೊಬ್ಬನಿದ್ದ. ಮಳೆ ಹಿಂದಾದ ಕಾಲ; ಹುಲ್ಲು ಸೊಂಟದ ಮಟ್ಟಕ್ಕೆ ಬೆಳೆದು, ಅದರ ತೆನೆಗಳ ಮೇಲೆ ಮಂಜಿನ ಹನಿಗಳು ಮಧ್ಯಾಹ್ನ ಸಮೀಪಿಸಿದರೂ ಆರದೆ ನಿಂತಿದ್ದುವು. ಕಾಲುದಾರಿ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಮಾತ್ರ ಅಗಲ. ಎಡಕ್ಕೆ ನೆಲವು ಥಟ್ಟನೆ ಕಣಿವೆಗೆ ಇಳಿದುಹೋಗುತ್ತಿತ್ತು, ಬಲಕ್ಕೆ ಬೋಳು ದಿಣ್ಣೆ ಏರಿತ್ತು.

ಈ ಬೆಟ್ಟಗಳ ವಿಚಿತ್ರವೇ ಅದು. ಮೈಯೆಲ್ಲ ಹುಲ್ಲು; ಮಡಿಕೆಗಳಲ್ಲಿ ಮಾತ್ರ ಕಾಡು. ಕಣಿವೆಯ ಸಂದುಗಳಲ್ಲಿ ಒತ್ತೊತ್ತಾಗಿ ಅಡಗಿ ಕುಳಿತ ಈ ಚಿಕ್ಕ ಕಾಡುಗಳಿಗೆ ಶೋಲಾ ಎಂದು ಹೆಸರು. ಮೇಲಿನ ದಿಣ್ಣೆಗಳಲ್ಲಿ ಮಣ್ಣಿನ ಪದರ ತೆಳುವು, ಗಾಳಿಯ ಹೊಡೆತ ಬಲವು, ಬೇಸಗೆಯ ಕಿಚ್ಚೂ ಆಗಾಗ್ಗೆ ಹಾಯುವುದು. ಅಲ್ಲಿ ಮರದ ಸಸಿ ತಲೆಯೆತ್ತಲಾರದು, ಹುಲ್ಲು ಬಾಳಬಲ್ಲುದು. ಮಣ್ಣೂ ತೇವವೂ ಬಂದು ನಿಲ್ಲುವ ತಗ್ಗುಗಳಲ್ಲಿ ಮರಗಳು ಬೇರೂರಿ, ಗಾಳಿಗೆ ಅಂಜಿ ಕುಳ್ಳಾಗಿಯೇ ಉಳಿದು, ಒಂದರ ನೆತ್ತಿಗೆ ಒಂದು ಒತ್ತಿಕೊಂಡು ಮೇಲೆ ಚಪ್ಪರವನ್ನು ಹೆಣೆದಿವೆ. ಹುಲ್ಲಿಗೂ ಕಾಡಿಗೂ ನಡುವಣ ಗಡಿ ಎಷ್ಟು ಸ್ಪಷ್ಟವೆಂದರೆ, ಒಂದು ಕಾಲು ಬಿಸಿಲಿನಲ್ಲಿಯೂ ಇನ್ನೊಂದು ಕತ್ತಲಿನಲ್ಲಿಯೂ ಇರುವಂತೆ ನಿಲ್ಲಬಹುದು. ಹೊಸದಾಗಿ ನೋಡಿದವನು ಯಾರೋ ಮೇಲಿನ ಕಾಡನ್ನು ಕಡಿದು ಬೋಳು ಮಾಡಿದ್ದಾರೆಂದು ಮರುಗುವುದುಂಟು. ಅದು ತಪ್ಪು ತಿಳಿವಳಿಕೆ. ಈ ಹುಲ್ಲುಗಾವಲು ಕಾಡಿನಷ್ಟೇ ಹಳೆಯದು, ಕಾಡಿನಷ್ಟೇ ಬೆಲೆಯುಳ್ಳದ್ದು. ಅದರ ಮೇಲೆ ಸಸಿ ನೆಡುವ ಉತ್ಸಾಹವು ಉಪಕಾರವಲ್ಲ.

ಶೋಲೆಯೊಳಗೆ ಹೊಕ್ಕೊಡನೆ ನಮ್ಮ ಮಾತು ತಾನಾಗಿಯೇ ತಗ್ಗಿತು. ಕೊಂಬೆಕೊಂಬೆಗೂ ಹಾವಸೆ, ಹಾವಸೆಯ ಮೇಲೆ ಸೀತಾಳೆದಂಡೆಯ ಜಾತಿಯ ಗಿಡಗಳು, ಬುಡದಲ್ಲಿ ಮೊಣಕಾಲುದ್ದ ಜರೀಗಿಡ. ತರಗೆಲೆ ಕೊಳೆತು ಕೊಳೆತು ಆದ ನೆಲದ ಮೇಲೆ ಹೆಜ್ಜೆಯಿಟ್ಟರೆ ತೋಯ್ದ ಗೋಣಿತಟ್ಟಿನ ಮೇಲೆ ಇಟ್ಟ ಹಾಗೆ ಅದು ಕೆಳಗಿಳಿದು, ಪಾದದ ಸುತ್ತ ನೀರು ಜಿನುಗಿ, ಕಾಲೆತ್ತಿದ ಮೇಲೆ ಮೆಲ್ಲಗೆ ಮರಳಿ ಉಬ್ಬುತ್ತಿತ್ತು. ಕಾಕಾ ಅದನ್ನು ಎರಡು ಮೂರು ಬಾರಿ ಒತ್ತಿ ಒತ್ತಿ ನೋಡಿದರು. ಮಳೆ ನಿಂತು ತಿಂಗಳಾದ ಮೇಲೂ ಬೆಟ್ಟದ ತೊರೆಗಳು ಬತ್ತದೆ ಹರಿಯುವ ಗುಟ್ಟು ಈ ನೆಲದಲ್ಲಿದೆ: ಧಾರಾಕಾರವಾಗಿ ಸುರಿದುದನ್ನು ಅದು ಒಮ್ಮೆಗೇ ಬಿಡದೆ ಹಿಡಿದಿಟ್ಟುಕೊಂಡು, ದಿನದಿನಕ್ಕೆ ಇಷ್ಟಿಷ್ಟೇ ಒಸರಿಸುತ್ತದೆ. ಎಲ್ಲಿಯೋ ಮರೆಯಲ್ಲಿ ಸಿಳ್ಳಾರವೊಂದು, ರಾಗ ಮರೆತ ಹುಡುಗನು ಸೀಟಿ ಹಾಕುವಂತೆ ತುಸು ಉಲಿದು ನಿಲ್ಲಿಸಿ ಮತ್ತೆ ಉಲಿಯುತ್ತಿತ್ತು. ಇಂಬಳಗಳ ಕಾಟ ಮಾತ್ರ ಇನ್ನೂ ಮುಗಿದಿರಲಿಲ್ಲ. ನಮ್ಮ ಮಾರ್ಗದರ್ಶಿಯು ಉಪ್ಪಿನ ಗಂಟನ್ನು ತೆಗೆಯುವಷ್ಟರಲ್ಲಿ ಕಾಕಾ ತಮ್ಮ ಸಂಚಿಯಿಂದ ಸುಣ್ಣ ತಂಬಾಕು ತಿಕ್ಕಿ ಮೀನಖಂಡಕ್ಕೆ ಸವರಿಕೊಂಡು ಆಗಿತ್ತು. ಮುಂದೆ ಆ ಯುವಕನೂ ಅದನ್ನೇ ಬೇಡಿ ಪಡೆದನು.

ಹುಲ್ಲಿನ ನಡುನಡುವೆ ನೀಲಕುರಿಂಜಿಯ ಪೊದೆಗಳಿದ್ದುವು, ಹೂವಿರಲಿಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು, ಬೀಜವಾಗಿ, ಸಾಯುವುದು ಈ ಗಿಡದ ವ್ರತ. 2022ರ ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ ಚಂದ್ರದ್ರೋಣದ ಇಳಿಜಾರುಗಳು ನೀಲಿಯಾಗಿದ್ದುವು. ಆಗ ಬಂದ ಜನಸಂದಣಿಯು ಹೂವಿಗಿಂತ ಹೆಚ್ಚು ಸುದ್ದಿಯಾಯಿತು.

ಕಾಡು ಮುಗಿದು ದಿಣ್ಣೆಯೊಂದನ್ನು ಏರಿ ಇಳಿಯುವಲ್ಲಿ ಕೆರೆಯು ಕಾಣಿಸಿಕೊಂಡಿತು. ಕಾವ್ಯಗಳಲ್ಲಿ ವರ್ಣಿತವಾದ ಸರೋವರವನ್ನು ನಿರೀಕ್ಷಿಸಿ ಬಂದವರಿಗೆ ನಿರಾಶೆಯಾಗಬಹುದು. ತಾವರೆಯಿಲ್ಲ, ಹಂಸವಿಲ್ಲ, ಸೋಪಾನವಿಲ್ಲ. ಹುಲ್ಲುದಿಣ್ಣೆಗಳ ನಡುವೆ, ನಮ್ಮೂರ ಕೆರೆಯ ಮುಂದೆ ಅಲ್ಪವೆನ್ನಬಹುದಾದ ಒಂದು ನೀರಿನ ಹರವು. ಅದರ ಮೇಲೆ ಬಿಡುವಿಲ್ಲದೆ ಬೀಸುವ ಗಾಳಿ. ಅಲೆಗಳು ಒಂದು ದಡದಿಂದ ಇನ್ನೊಂದು ದಡಕ್ಕೆ ಸಾಲುಸಾಲಾಗಿ ಸರಿದು ಹುಲ್ಲಿನ ಬುಡಕ್ಕೆ ತಾಕುತ್ತಿದ್ದುವು. ದಡದ ಕೆಸರಿನಲ್ಲಿ ಕಡವೆಯ ಗೊರಸಿನ ಗುರುತುಗಳು ಆಳವಾಗಿ ಮೂಡಿ, ಪ್ರತಿಯೊಂದರಲ್ಲಿಯೂ ಬೊಗಸೆಯಷ್ಟು ನೀರು ನಿಂತಿತ್ತು. ಒಂದರಲ್ಲಿ ಗೊದಮೊಟ್ಟೆಗಳು ಆಡುತ್ತಿದ್ದುವು. ಅಲ್ಲಿಂದ ಒಂದು ಮಾರು ದೂರದಲ್ಲಿ ಯಾರೋ ಎಸೆದ ಚಕ್ಕುಲಿಯ ಪೊಟ್ಟಣವೂ ಇತ್ತು.

ಕಾಕಾ ದಡಕ್ಕೆ ಹತ್ತು ಹೆಜ್ಜೆ ಇರುವಾಗಲೇ, ಯಾರೂ ಹೇಳದೆ, ಕಾಲಿನ ಚಪ್ಪಲಿಗಳನ್ನು ಬಿಟ್ಟು, ಮುಂದೆ ಹೋಗಿ ಕುಕ್ಕುರುಗಾಲಿನಲ್ಲಿ ಕುಳಿತರು. ಸುತ್ತ ಒಮ್ಮೆ ನೋಡಿ ಕೇಳಿದರು:

“ಏ ತಮ್ಮಾ, ಇದಕ್ಕ ಏರಿ ಎಲ್ಲೈತಿ? ಕೋಡಿ ಯಾವ ಕಡೆ ಬೀಳತೈತಿ?”

“ಇದನ್ನ ಯಾರೂ ಕಟ್ಟಿದ್ದಲ್ಲ ಯಜಮಾನ್ರೇ. ನಮ್ಮಜ್ಜನ ಕಾಲದಿಂದಲೂ ಹೀಗೇ ಇದೆ,” ಎಂದನು ಯುವಕ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಟ್ಟಿದವ್ರು ಇಲ್ಲಂದ್ರ ಕಾಯವ್ರೂ ಇರಂಗಿಲ್ಲ. ಯಾರದೂ ಅಲ್ಲದ್ದನ್ನ ಕಾಯೋದು ಭಾಳ ತ್ರಾಸ ನೋಡಪಾ,” ಎಂದು ಎದ್ದು ಆ ಪೊಟ್ಟಣವನ್ನು ಎತ್ತಿ ಚೀಲದಲ್ಲಿ ಹಾಕಿಕೊಂಡರು. ರೊಟ್ಟಿ ತಿಂದು ಕೈ ತೊಳೆಯಲು ಅವರು ಕೆರೆಗೆ ಇಳಿಯಲಿಲ್ಲ. ಸೀಸೆಯ ನೀರನ್ನು ದೂರ ಒಯ್ದು ತೊಳೆದರು.

ಅವರ ಮಾತಿನಲ್ಲಿ ಸತ್ಯವಿದೆಯೆಂದೇ ನಾನು ತಿಳಿಯುತ್ತೇನೆ. ಆದರೆ ಈ ನೀರು ನಿಜವಾಗಿಯೂ ಯಾರದೂ ಅಲ್ಲವೆ? ಲಾಳದಂತೆ ಬಾಗಿ ನಿಂತ ಈ ಪರ್ವತಶ್ರೇಣಿಯ ಮೂಡಣ ಮೈಯಲ್ಲಿ ಹುಟ್ಟುವ ವೇದಾ ನದಿಯು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನೂ, ಅವತಿಯು ಮದಗದ ಕೆರೆಯನ್ನೂ ತುಂಬಿ, ಮುಂದೆ ಕಡೂರಿನ ಸಮೀಪ ಕೂಡಿ ವೇದಾವತಿಯಾಗಿ, ಹಿರಿಯೂರಿನ ಹತ್ತಿರ 1907ರಲ್ಲಿ ಪೂರ್ಣಗೊಂಡ ವಾಣೀವಿಲಾಸ ಸಾಗರದಲ್ಲಿ ನಿಲ್ಲುತ್ತವೆ. ಮಳೆಯ ನೆರಳಿನ ಚಿತ್ರದುರ್ಗ ಸೀಮೆಗೆ ಆ ಜಲಾಶಯವೇ ಜೀವನ. 1933ರಲ್ಲಿ ಕೋಡಿ ಬಿದ್ದ ಅದು ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಲಾಳದ ಒಳಮೈಯ ನೀರು ಜಾಗರ ಕಣಿವೆಯಲ್ಲಿ ಸೋಮವಾಹಿನಿಯಾಗಿ ಹರಿದು ಭದ್ರೆಯನ್ನು ಸೇರುತ್ತದೆ. ಆ ಕಣಿವೆಯ ಕಾಡು 1998ರಿಂದ ಹುಲಿ ಯೋಜನೆಗೆ ಒಳಪಟ್ಟಿದೆ. ಎರಡು ಮೈಗಳ ನೀರೂ ಕೊನೆಗೆ ತುಂಗಭದ್ರೆಯ ಪಾಲು. ಇತ್ತ ನಮ್ಮ ಕುಂದಗೋಳ ಸೀಮೆಯ ಮಳೆನೀರು ಬೆಣ್ಣಿಹಳ್ಳಕ್ಕಿಳಿದು, ಮಲಪ್ರಭೆಯನ್ನು ಕೂಡಿ, ಕೂಡಲಸಂಗಮದಲ್ಲಿ ಕೃಷ್ಣೆಯಾಗುತ್ತದೆ. ತುಂಗಭದ್ರೆಯೂ ಕೃಷ್ಣೆಯನ್ನು ಕರ್ನೂಲಿನಾಚೆ ಸೇರುವುದರಿಂದ, ಗಾಳಿಕೆರೆಯ ಬೆನ್ನೇಣಿನ ಮೇಲೆ ಬಿದ್ದ ಹನಿಯೂ ಯರಗುಪ್ಪಿಯ ಹೊಲದ ಮೇಲೆ ಬಿದ್ದ ಹನಿಯೂ ಶ್ರೀಶೈಲದ ಜಲಾಶಯದಲ್ಲಿ ಒಂದಾಗುವುವು. ನೀರನ್ನು ಕೊಡದಲ್ಲಿ ತುಂಬಿಕೊಳ್ಳುವ ಸ್ಥಳ ಬೇರೆಯಾದ ಮಾತ್ರಕ್ಕೆ ಕೆರೆಯ ಕಟ್ಟಳೆ ಬೇರೆಯಾಗಬೇಕೆಂಬುದಕ್ಕೆ ನನಗೆ ಆಧಾರ ಕಾಣದು.

ಬೆಟ್ಟವನ್ನು ಮನುಷ್ಯನು ಹಿಂದೆಯೂ ಮುಟ್ಟದೆ ಬಿಟ್ಟವನಲ್ಲ. ಈ ಹಾದಿಯ ಆಚೆ ತುದಿಯ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿತ್ತು; ಬೆಟ್ಟದಿಂದ ತಣಿಗೆಬೈಲಿನವರೆಗೆ ಅದನ್ನು ತೂಗುಹಗ್ಗದ ತೊಟ್ಟಿಲುಗಳು ಇಳಿಸುತ್ತಿದ್ದುವು. ಅದರ ಕಾಲ ಮುಗಿಯಿತು. ಇಂದಿನ ಭಾರವು ಬೇರೆ ತೆರನಾದುದು. ಬಾಬಾಬುಡನ್‌ಗಿರಿಯ ಸಮೀಪದ ಮಾಣಿಕ್ಯಧಾರೆಯೆಂಬ ಜಲಪಾತದಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಟ್ಟುಬರಬೇಕೆಂಬ ಒಂದು ರೂಢಿ ಹಬ್ಬಿ, ಒದ್ದೆ ಬಟ್ಟೆಗಳ ರಾಶಿ ಬೆಟ್ಟದ ಮೈಗೆ ಅಂಟಿಕೊಂಡಿರುವುದನ್ನು ಕಂಡವರು ಬಲ್ಲರು; ಪಾಪವನ್ನು ಕಳೆದುಕೊಳ್ಳುವ ರೀತಿ ಅದಲ್ಲವೆಂದಷ್ಟೇ ಹೇಳಬಲ್ಲೆ. ರಜೆಯ ದಿನಗಳಲ್ಲಿ ಗಿರಿಯ ದಾರಿಯಲ್ಲಿ ಮೋಟಾರುಗಳು ಒಂದರ ಹಿಂದೊಂದು ನಿಲ್ಲುವ ಸ್ಥಿತಿ ಬಂದು, ಜಿಲ್ಲಾಡಳಿತವು ವಾಹನಗಳ ಸಂಖ್ಯೆಗೆ ಮಿತಿಯನ್ನು ಹಾಕಬೇಕಾಯಿತು. 2024ರ ಜನವರಿಯಲ್ಲಿ ಸಹ್ಯಾದ್ರಿಯ ಇನ್ನೊಂದು ಶಿಖರವಾದ ಕುಮಾರಪರ್ವತದ ಹಾದಿಯಲ್ಲಿ ಜನಜಾತ್ರೆಯೇ ನೆರೆದ ಮೇಲೆ ಅರಣ್ಯ ಇಲಾಖೆಯವರು ಚಾರಣವನ್ನು ಕೆಲಕಾಲ ತಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತಂದರು, ಒಂದೊಂದು ಹಾದಿಗೆ ದಿನಕ್ಕೆ 300 ಜನರೆಂಬ ಮಿತಿಯನ್ನೂ ಇಟ್ಟರು. ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ಮುನ್ನೂರೂ ಹೆಚ್ಚೆಂದೇ ನನ್ನ ಮತ.

ಇನ್ನು, ಬೆಟ್ಟ ಚಿಕ್ಕದೆಂದು ಉದಾಸೀನ ಸಲ್ಲದು. 2024ರ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ರತಾಲವೆಂಬ ಪರ್ವತಸರೋವರವನ್ನು ನೋಡಲು ಹೋದ ಕರ್ನಾಟಕದ ಚಾರಣಿಗರ ತಂಡವು ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಅವರು ಅನುಭವವಿಲ್ಲದವರಲ್ಲ, ಹವೆಯು ಎಣಿಸಿದುದಕ್ಕಿಂತ ಬೇಗ ಕೆಟ್ಟಿತು. ಚಂದ್ರದ್ರೋಣದಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಂಜು ಕವಿದರೆ ನಾಲ್ಕು ಹೆಜ್ಜೆ ಮುಂದಿನ ದಾರಿ ಕಾಣದು, ಮಳೆಗಾಳಿಯಲ್ಲಿ ನೆನೆದ ಮೈಗೆ ಚಳಿ ಹಿಡಿಯಲು ಹೆಚ್ಚು ಹೊತ್ತೂ ಬೇಡ. ಕಾಟಿಗಳೂ ಚಿರತೆಗಳೂ ಇರುವ ಕಾಡು ಅದು.

ಹೋಗಬಯಸುವ ವಾಚಕರಿಗೆ ನಾಲ್ಕು ಮಾತು. ಮಿರಗದಿಂದ ಹುಬ್ಬಿಯವರೆಗಿನ ಮಳೆಗಳಲ್ಲಿ, ಎಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ, ಬೇಡ. ಅಕ್ಟೋಬರಿನಿಂದ ಜನವರಿಯವರೆಗೆ ಹಾದಿ ಚೆನ್ನು. ಫೆಬ್ರುವರಿ ಮಾರ್ಚಿಯಲ್ಲಿ ಹುಲ್ಲು ಒಣಗಿರುತ್ತದೆ. ಒಂದು ಬೀಡಿಯ ಕಿಡಿಗೆ ಒಂದು ಗುಡ್ಡವೇ ಉರಿದೀತು. ಅರಣ್ಯ ಇಲಾಖೆಯ ಅನುಮತಿಯನ್ನು ಹೊರಡುವ ಮೊದಲೇ ಪಡೆದು, ಸ್ಥಳದವರೊಬ್ಬರನ್ನು ಸಂಗಡ ಕರೆದುಕೊಳ್ಳಿ. ಬುತ್ತಿಯನ್ನೂ ನೀರನ್ನೂ ನೀವೇ ಒಯ್ಯಿರಿ, ಖಾಲಿಯಾದ ಸೀಸೆಯನ್ನು ಮರಳಿ ತನ್ನಿರಿ. ಕೆರೆಯಲ್ಲಿ ಈಜಬೇಡಿರಿ, ಸಾಬೂನು ಹಚ್ಚಬೇಡಿರಿ. ಕೆಮ್ಮಣ್ಣುಗುಂಡಿಯವರೆಗೂ ನಡೆಯುವುದಾದರೆ ಪೂರ್ತಿ ಒಂದು ಹಗಲು ಬೇಕು. ಕೆರೆಯನ್ನಷ್ಟೇ ನೋಡಿ ಮರಳುವುದಾದರೆ ಬೆಳಗ್ಗೆಯೇ ಹೊರಟು, ಮಧ್ಯಾಹ್ನದ ಮಂಜು ಏರುವುದಕ್ಕೆ ಮುಂಚಿತವಾಗಿ ಹಿಂದಿರುಗತಕ್ಕದ್ದು.